ಕಾದಂಬರಿಯಲ್ಲಿ ಸತ್ತ ಪರಶು

ಮುದ್ದೇಬಿಹಾಳದ ಎಪಿಎಂಸಿ ಯಾರ್ಡಿನ ಎದುರಿನ ಸಾಲಿನಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಗಳು ಮೂರಿವೆ. ನಡುವಿನದು ಪರಶುನದು. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಚ್ಚಿ ಒಣಗಿಸುವುದು ಅವನ ಕೆಲಸ. ವಯಸ್ಸು ಮೂವತ್ತೈದು. ಎಡತೊಡೆಯಲ್ಲಿ ಸ್ಟೀಲಿನ ರಾಡು ಇದೆ, ಮೊಣಕಾಲು ಪೂರಾ ಮಡಚುವುದಿಲ್ಲ. ಉಳಿದ ಇಬ್ಬರು ಅಂಗಡಿಕಾರರು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರೆ ಇವನು ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂರುತ್ತಾನೆ. ಹೊಸ ಗಿರಾಕಿಗಳು ಕಾಲಿಗೆ ಏನಾಯಿತೆಂದು ಕೇಳಿದರೆ, "ಸಣ್ಣಾಂವಿದ್ದಾಗ ಬಿದ್ದಿದ್ನಿರಿ" ಎನ್ನುತ್ತಾನೆ. ಮುಂದೆ ಯಾರೂ ಕೇಳುವುದಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಮಂಜರಿ ಎಂಬವರು ತಮ್ಮ ಮನೆಯ ಅರ್ಧ ಎಚ್‌ಪಿ ಮೋಟಾರು ಸುಟ್ಟಿತೆಂದು ಆಟೋದಲ್ಲಿ ಹಾಕಿಕೊಂಡು ಬಂದರು. ಅವರು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾರೆ. ಪರಶು ಮೋಟಾರು ಬಿಚ್ಚಿ ನೋಡುವವರೆಗೂ ಬೆಂಚಿನ ಮೇಲೆ ಕೂತು ಒಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ಗಡಿಬಿಡಿಯಿಂದ ಹೊರಟು ಹೋದರು. ಪುಸ್ತಕ ಬೆಂಚಿನ ಮೇಲೆಯೇ ಉಳಿಯಿತು.

ಪುಸ್ತಕದ ಹೆಸರು 'ಏಳನೆಯ ಚೀಟಿ'. ಹದಿಹರೆಯದವರಿಗಾಗಿ ಬರೆದ ಪತ್ತೇದಾರಿ ಕಾದಂಬರಿ ಎಂದು ಹೊದಿಕೆಯ ಮೇಲೆಯೇ ಅಚ್ಚಾಗಿತ್ತು. ಪರಶು ಹತ್ತನೆಯ ತರಗತಿ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವನಲ್ಲ. ಮಡಚಿ ಒಳಗಿಡಲು ಎತ್ತಿಕೊಂಡವನು ಹಿಂಬದಿಯ ಫೋಟೊ ನೋಡಿ ನಿಂತ. ಜಯತೀರ್ಥ ಮುತಾಲಿಕ. ಹೈಸ್ಕೂಲಿನಲ್ಲಿ ಅವನಿಗೆ ಮೂರು ವರ್ಷ ಕನ್ನಡ ಕಲಿಸಿದ ಮಾಸ್ತರರು. ನಿವೃತ್ತರಾಗಿ ಬಸವನ ಬಾಗೇವಾಡಿಯಲ್ಲಿದ್ದಾರೆಂದು ಫೋಟೊದ ಕೆಳಗೆ ಬರೆದಿತ್ತು.

ಕೆಲಸದ ನಡುನಡುವೆ ಎರಡು ದಿನದಲ್ಲಿ ಅವನು ಪುಸ್ತಕ ಓದಿ ಮುಗಿಸಿದ. ಒಂದು ಊರಿನ ಹೈಸ್ಕೂಲಿನ ಹುಡುಗರು ಚೀಟಿ ಎತ್ತುವ ಆಟ ಆಡುತ್ತಾರೆ. ಚೀಟಿಯಲ್ಲಿ ಬರೆದದ್ದನ್ನು ಮಾಡಲೇಬೇಕು. ಒಂದಕ್ಕಿಂತ ಒಂದು ಅಪಾಯದ ಕೆಲಸ. ಏಳನೆಯ ಚೀಟಿ ಸಾಗರ ಎಂಬ ಮೆತ್ತಗಿನ ಹುಡುಗನಿಗೆ ಬರುತ್ತದೆ. ವಿಕ್ಕಿ ಎಂಬ ಪುಂಡ ಅಳುತ್ತಿದ್ದ ಅವನನ್ನು ಹೆದರಿಸಿ ನೀರಿನ ಟಾಕಿ ಹತ್ತಿಸುತ್ತಾನೆ. ಪುಟ ನೂರಾ ನಲವತ್ತೆರಡರಲ್ಲಿ ಸಾಗರ ಬಿದ್ದು ಸಾಯುತ್ತಾನೆ. ಉಳಿದ ಪುಟಗಳಲ್ಲಿ ಅವನ ಅಕ್ಕ, ಚೀಟಿಗಳನ್ನೆಲ್ಲ ವಿಕ್ಕಿಯೇ ಬರೆದದ್ದೆಂದು ಒಂದೊಂದೇ ಸುಳಿವು ಹಿಡಿದು ಪತ್ತೆ ಹಚ್ಚುತ್ತಾಳೆ.

ಸಾಗರನ ಹೆಸರಿನಲ್ಲಿ ತಾನು ಸತ್ತ ಪುಟವನ್ನು ಪರಶು ಎರಡು ಸಲ ಓದಿದ. ಅದು ಅವನಿಗೆ ಅಂಥ ನೋವನ್ನೇನೂ ಕೊಡಲಿಲ್ಲ. ಮನಸ್ಸು ನಿಂತದ್ದು ವಿಕ್ಕಿಯ ಮೇಲೆ. ವಿಕ್ಕಿಯ ಮುಂದಿನ ಹಲ್ಲು ಚೂರು ಮುರಿದಿತ್ತು. ಅವನ ಅಪ್ಪ ಹಳೆಯ ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ. ಅಂಗಡಿಯ ಬೋರ್ಡು ಹಸಿರು ಬಣ್ಣದ್ದು. ಹೆಸರು ಬದಲಾದರೂ ಮುದ್ದೇಬಿಹಾಳದಲ್ಲಿ ಆ ಕಾಲಕ್ಕಿದ್ದ ಯಾರಿಗಾದರೂ ಅದು ಅಬ್ದುಲಗನಿಯ ಅಂಗಡಿ, ಹುಡುಗ ಅವರ ಮಗ ಕುತುಬುದ್ದೀನ ಎಂದು ಗೊತ್ತಾಗುತ್ತಿತ್ತು.

ಮೋಟಾರು ಒಯ್ಯಲು ಮಂಜರಿ ಬಂದಾಗ ಪರಶು ಪುಸ್ತಕ ಮುಂದೆ ಚಾಚಿದ.

"ಮೇಡಮ್ರ, ಇಲ್ಲೇ ಬಿಟ್ಟು ಹೋಗಿದ್ರಿ. ನಾ ಓದಿದ್ನಿರಿ. ಒಂದೆರಡು ಕಡೆ ಎಣ್ಣಿ ಹತ್ತೇತಿ, ಸಿಟ್ಟಿಗೇಳಬ್ಯಾಡ್ರಿ."

"ಪೂರಾ ಓದಿದ್ರಾ? ಹೆಂಗನಸ್ತು?"

"ಹುಡುಗ ಸಾಯ್ತಾನಲ್ರಿ."

"ಅಲ್ಲೇ ನಮ್ಮ ಹುಡುಗ್ರೆಲ್ಲಾ ಅತ್ತಾರ. ಈ ಐತವಾರ ನಮ್ಮ ಮನ್ಯಾಗ ಇದರ ಮ್ಯಾಲೆ ಚರ್ಚಾ ಐತಿ. ತಿಂಗಳಿಗೊಂದು ಪುಸ್ತಕ ಓದಿ ಕೂಡ್ತೇವಿ. ಈ ಸಲ ಬರದವರೂ ಬರಾಕತ್ತಾರ. ನೀವೂ ಬರ್ರಿ."

"ನಾ ಬಂದು ಏನ್ ಮಾತಾಡ್ಲಿರಿ?"

"ಮಾತಾಡಬೇಕಂತ ಏನಿಲ್ಲ. ಕೇಳ್ಕೋತ ಕೂತ್ರೂ ನಡೀತೈತಿ."

ಟಾಕಿಯ ಘಟನೆ ನಡೆದದ್ದು 2007ರ ಫೆಬ್ರುವರಿಯಲ್ಲಿ. ಪರಶು ಆಗ ಹತ್ತನೆಯ ತರಗತಿಯಲ್ಲಿದ್ದ. ಚೀಟಿ ಆಟ ಆಡುತ್ತಿದ್ದವರು ನಾಲ್ವರು. ಅವರಲ್ಲಿ ಪರಶುಗೆ ಹತ್ತಿರದವನು ಕುತುಬುದ್ದೀನ. ಸಂಜೆ ಬಾಡಿಗೆಗೆ ಹೋಗದೆ ಉಳಿದ ಸೈಕಲ್ಲನ್ನು ಇಬ್ಬರೂ ಸರದಿಯ ಮೇಲೆ ಹೊಡೆಯುತ್ತಿದ್ದರು. ಆಟ ಸಣ್ಣದಾಗಿ ಶುರುವಾಯಿತು. ಗಣಿತದ ಪಾಠ ನಡೆದಾಗ ಐದು ಹಸಿಮೆಣಸಿನಕಾಯಿ ಅಗಿದು ನುಂಗುವುದು. ಹೊರಟ ಬಸ್ಸಿನ ಹಿಂಬದಿಯ ಏಣಿಗೆ ಜೋತುಬಿದ್ದು ಊರಂಚಿನ ನಾಕಾದವರೆಗೆ ಹೋಗುವುದು. ಕಾಲುವೆಯ ಕಿರಿದಾದ ಕಟ್ಟೆಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುವುದು. ಪ್ರತಿ ಸಲವೂ ನಾಲ್ವರೂ ಗುರುತು ಸಿಗದಂತೆ ಅಕ್ಷರ ತಿರುಚಿ ಒಂದೊಂದು ಚೀಟಿ ಬರೆದು, ಟಿಫಿನ್ ಡಬ್ಬಿಯಲ್ಲಿ ಹಾಕಿ ಕುಲುಕುತ್ತಿದ್ದರು. ಯಾರು ಎತ್ತಬೇಕೆಂದು ಮೊದಲೇ ಗೊತ್ತಿರುತ್ತಿರಲಿಲ್ಲ.

ಆ ಶನಿವಾರ ಡಬ್ಬಿಯಲ್ಲಿ ಕೈ ಹಾಕುವ ಸರದಿ ಪರಶುನದಾಯಿತು. ಶಾಲೆಯ ಹಿಂದಿನ ಹಳೆಯ ಸಣ್ಣ ಟಾಕಿಯನ್ನು ಹತ್ತಿ, ಮೇಲಿನ ಅಂಚಿನ ಮೇಲೆ ಒಂದು ಸುತ್ತು ಹಾಕಬೇಕೆಂದು ಚೀಟಿಯಲ್ಲಿತ್ತು. ಟಾಕಿ ಮೂವತ್ತು ಅಡಿ ಎತ್ತರದ್ದು. ಅಂಚು ಒಂದೂವರೆ ಗೇಣು ಅಗಲ. ಅವನು ಮುಕ್ಕಾಲು ಸುತ್ತು ಹಾಕಿದ. ಆಮೇಲೆ ಕಾಲು ಜಾರಿತು. ರಿಪೇರಿಗೆಂದು ಹಾಕಿದ್ದ ಮರಳಿನ ಗುಂಪೆಯ ಅಂಚಿಗೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲು ಮಾತ್ರ ಎರಡು ಕಡೆ ಮುರಿಯಿತು.

ವಿಜಯಪುರದ ಆಸ್ಪತ್ರೆಯಲ್ಲಿ ನಲವತ್ತೊಂದು ದಿನ ಇದ್ದ. ಮೂರು ಆಪರೇಷನ್ ಆದವು. ಎರಡನೆಯ ವಾರ ಹೆಡ್‌ಮಾಸ್ತರರೂ ಜಯತೀರ್ಥ ಮಾಸ್ತರರೂ ನೋಡಲು ಬಂದರು. ಜಯತೀರ್ಥ ಮಾಸ್ತರರು ಮಂಚದ ಅಂಚಿಗೆ ಕೂತು, "ಯಾರು ಹತ್ತಿಸಿದ್ರೋ ನಿನ್ನ? ಕುತುಬುದ್ದೀನನೇನು?" ಎಂದು ಕೇಳಿದರು. ಪರಶು ಗೋಡೆಯ ಕಡೆ ಮುಖ ತಿರುಗಿಸಿದ. ಅವರು ಅದನ್ನೇ ಉತ್ತರ ಎಂದುಕೊಂಡು ಎದ್ದು ಹೋದರು.

ಪರಶುನ ತಾಯಿ ಲಕ್ಕವ್ವ ಊರಿಗೆ ಬಂದವಳೇ ಅಬ್ದುಲಗನಿಯ ಅಂಗಡಿಯ ಮುಂದೆ ನಿಂತು, ಮಣ್ಣು ತೂರಿ ಬೈದಳು. ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಸೇರಿದ್ದರು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಕುತುಬುದ್ದೀನನ ಕೈಗೆ ಟಿಸಿ ಕೊಟ್ಟರು. ಅವನು ಸಿಂದಗಿಯಲ್ಲಿದ್ದ ಸೋದರಮಾವನ ಬೇಕರಿಗೆ ಕೆಲಸಕ್ಕೆ ಹೋದ. ಎರಡು ವರ್ಷದ ಮೇಲೆ ಸೈಕಲ್ ಅಂಗಡಿ ಮುಚ್ಚಿ ತಂದೆತಾಯಿಯೂ ಅಲ್ಲಿಗೇ ಹೋದರು. ಪರಶು ಆಮೇಲೆ ಅವರಲ್ಲಿ ಯಾರನ್ನೂ ನೋಡಲಿಲ್ಲ.

ಐತವಾರ ಬೆಳಿಗ್ಗೆ ಹತ್ತಕ್ಕೆ ಪರಶು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಜರಿಯವರ ಮನೆಗೆ ಹೋದ. ಪಡಸಾಲೆಯಲ್ಲಿ ಹನ್ನೊಂದು ಕಾಲೇಜು ಹುಡುಗ ಹುಡುಗಿಯರು ಜಮಖಾನೆಯ ಮೇಲೆ ಕೂತಿದ್ದರು. ನಾಲ್ಕೈದು ಜನ ಶಿಕ್ಷಕರು ಕುರ್ಚಿಯ ಮೇಲಿದ್ದರು. ಇವನೂ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಜಯತೀರ್ಥ ಮಾಸ್ತರರ ತಲೆ ಪೂರಾ ಬೆಳ್ಳಗಾಗಿತ್ತು. ಅವರ ಕಣ್ಣು ಇವನ ಮೇಲೆ ಒಮ್ಮೆ ಹಾದುಹೋಯಿತು, ಗುರುತು ಸಿಗಲಿಲ್ಲ.

ಮೊದಲು ಮಾತಾಡಿದವಳು ಪ್ರಜ್ಞಾ ಎಂಬ ಬಿ.ಎಸ್ಸಿ ಹುಡುಗಿ. ಅವಳ ಪ್ರತಿಯ ತುಂಬ ಬಣ್ಣದ ಚೀಟಿಗಳು ಅಂಟಿದ್ದವು.

"ಸರ್, ನನಗ ವಿಕ್ಕಿ ಬಾಳ ಸಸಾರ ಅನಸ್ತಾನ್ರಿ. ಕೆಟ್ಟಾಂವ ಅದಾನ, ಅದಕ್ಕ ಕೆಟ್ಟದ್ದು ಮಾಡ್ತಾನ. ಯಾಕ ಮಾಡ್ತಾನ ಅಂತ ಒಂದು ಸಾಲೂ ಇಲ್ಲ."

ಪಕ್ಕದಲ್ಲಿದ್ದ ವಿನೀತ ಎಂಬ ಹುಡುಗ ಒಪ್ಪಲಿಲ್ಲ. "ಎಲ್ಲಾ ಸಾಲ್ಯಾಗೂ ಹಂಥಾಂವ ಒಬ್ಬ ಇರ್ತಾನ. ಯಾಕ ಅಂತ ಹುಡುಕೂದೇನೈತಿ? ನಮ್ಮ ಹಾಸ್ಟೆಲಿನ್ಯಾಗ ಒಬ್ಬಾಂವ ಫೋನಿನ್ಯಾಗ ಹಿಂಥಾದ್ದ ಒಂದು ಆಟ ಹಚ್ಚಿದ್ದ. ವಿಡಿಯೋ ಮಾಡಿ ಕಳಸಲಿಲ್ಲಂದ್ರ ಗ್ರೂಪಿನಿಂದ ತೆಗೀತಿದ್ದ."

"ತೆಗದ್ರ ತೆಗೀಲಿ. ಸಾಗರ ಒಂದ ಸಲ ಒಲ್ಲೆ ಅಂದಿದ್ರ ಮುಗೀತಿತ್ತು."

"ನೀ ಅಂತಿದ್ದೇನು?"

ಪ್ರಜ್ಞಾ ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲ. ಆದ್ರ ಅಳಕೋತ ಅಂತೂ ಹತ್ತತಿರಲಿಲ್ಲ. ಅಳೂವಷ್ಟು ಅಂಜಿಕಿ ಇದ್ರ ಕೈಕಾಲು ಹಿಡಿತಾವು ಎಲ್ಲಿ?"

ಎಲ್ಲರೂ ಮಾಸ್ತರರ ಕಡೆ ನೋಡಿದರು. ಅವರು ಕನ್ನಡಕ ಸರಿಮಾಡಿಕೊಂಡರು.

"ಆ ವಯಸ್ಸಿನ್ಯಾಗ ಒಲ್ಲೆ ಅನ್ನೂದು ಸರಳ ಅಲ್ಲವಾ. ಇದು ನನ್ನ ಕಣ್ಣಮುಂದ ನಡದದ್ದು. ಇದ ಊರಾಗ. ಹೆಸರು ಬದ್ಲಿ ಮಾಡೇನಿ, ಅಷ್ಟ. ನಾ ಸ್ಟಾಫ್ ರೂಮಿನ ಕಿಡಕ್ಯಾಗ ನಿಂತಿದ್ದೆ. ಮ್ಯಾಲೆ ಟಾಕಿಮ್ಯಾಲೆ ಒಬ್ಬ. ಕೆಳಗ ಏಣಿಮ್ಯಾಲೆ ಇನ್ನೊಬ್ಬ, ಕತ್ತು ಎತ್ತಿ 'ಹತ್ತು, ಹತ್ತು' ಅಂತ ಒದರಾಕತ್ತಿದ್ದ."

"'ಇಳಿ' ಅಂತ ಒದರಾಕತ್ತಿದ್ನಿರಿ ಸರ."

ಹೇಳಿದವನು ಪರಶು. ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದು ಕೇಳಿಸಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು.

"ತಾವು ಯಾರು?" ಎಂದರು ಮಾಸ್ತರರು.

"ನಾ ಪರಶು ರೀ. ಹತ್ತನೇ ಇಯತ್ತೆ, ಬಿ ಸೆಕ್ಷನ್. ಟಾಕಿ ಹತ್ತಿದಾಂವ ನಾನರಿ."

ಜಯತೀರ್ಥ ಮಾಸ್ತರರು ಅವನ ಚಾಚಿದ ಕಾಲು ನೋಡಿದರು. ಅವನು ಬಿದ್ದ ವರ್ಷದ ಜೂನಿನಲ್ಲೇ ಅವರಿಗೆ ಬಾಗೇವಾಡಿಗೆ ವರ್ಗವಾಗಿತ್ತು. ಆ ಹುಡುಗ ಮತ್ತೆ ಎದ್ದು ನಡೆದದ್ದು ಅವರಿಗೆ ಗೊತ್ತೇ ಇರಲಿಲ್ಲ. "ನಡದಾಡ್ತಿಯೇನೋ?" ಎಂದರು.

"ನಡೀತೇನಿರಿ. ಅಂಗಡಿ ಐತಿ."

ಮಂಜರಿ ಅವನನ್ನು ಮಾತಾಡಲು ಬಿಟ್ಟರು. ಪರಶು ತನಗೆ ತಿಳಿದಂತೆ ಹೇಳಿದ. ಕುತುಬುದ್ದೀನನಿಗೆ ಎತ್ತರ ಎಂದರೆ ಮೊದಲಿನಿಂದ ಅಂಜಿಕೆ. ಹಾಗಿದ್ದೂ ತನ್ನನ್ನು ಕೆಳಗಿಳಿಸಲು ಏಣಿ ಹತ್ತಿದ. ಯಾರೂ ಯಾರನ್ನೂ ಹೆದರಿಸಿರಲಿಲ್ಲ.

"ಈ ತಂಗಿ ಅಂದದ್ದು ಖರೇರಿ. ನಾ ಅಳಲಿಲ್ಲ. ಖುಷಿ ಇತ್ತು. ಮ್ಯಾಲಿಂದ ಇಡೀ ಊರು ಕಾಣಸ್ತಿತ್ತು. ನಮ್ಮವ್ವ ಹಿತ್ತಲದಾಗ ಅರಿವಿ ಒಣಗ ಹಾಕೂದೂ ಕಾಣಸ್ತು. ಕೂಗಿದ್ರ ಕೇಳಸ್ತಿತ್ತೇನೋ ಅಂತ ಅನಸ್ತು. ಅಷ್ಟರಾಗ ಬಿದ್ನಿ."

ಪ್ರಜ್ಞಾ ಕೈ ಎತ್ತಿದಳು. "ಅಣ್ಣಾರ, ಹಂಗಾದ್ರ ಆ ಚೀಟಿ ಬರದವರು ಯಾರ್ರಿ?"

"ನೆನಪಿಲ್ಲ ತಂಗಿ."

ಚರ್ಚೆ ಮುಗಿದ ಮೇಲೆ ಮಾಸ್ತರರು ಅವನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ಬಿಸಿಲು ಏರಿತ್ತು. ಅವರ ಕೈಯಲ್ಲಿ ಮಂಜರಿ ಹೊದಿಸಿದ ಶಾಲು ಇನ್ನೂ ಇತ್ತು.

"ವರದಿ ಬರದಾಂವ ನಾನ. ಕಣ್ಣಾರೆ ನೋಡೇನಿ ಅಂತ ಬರದಿದ್ದೆ. ಅದರ ಮ್ಯಾಲೇನ ಆ ಹುಡುಗಗ ಟಿಸಿ ಕೊಟ್ರು. ನೀ ಯಾಕ ಹೇಳಲಿಲ್ಲೋ?"

"ನೀವು 'ಕುತುಬುದ್ದೀನನೇನು' ಅಂತ ಕೇಳಿದ್ರಿ. ನಾ ಹೂಂ ಅನ್ನಲಿಲ್ರಿ ಸರ."

"ಅಲ್ಲ ಅಂತಲೂ ಅನ್ನಲಿಲ್ಲ."

"ಇಲ್ರಿ."

ಬಾಗೇವಾಡಿಯ ಬಸ್ಸಿಗೆ ಹೊತ್ತಾಯಿತೆಂದು ಮಾಸ್ತರರು ಹೊರಟರು.

ಪರಶುಗೆ ಆ ವಾರ ಕೆಲಸ ನೆಟ್ಟಗಾಗಲಿಲ್ಲ. ಒಂದು ಮೋಟಾರಿಗೆ ತಂತಿ ತಪ್ಪು ಸುತ್ತಿ, ಪೂರಾ ಬಿಚ್ಚಿ ಮತ್ತೆ ಸುತ್ತಿದ. ಅವನನ್ನು ಕಾಡಿದ್ದು ಪ್ರಜ್ಞಾಳ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ತಾನು ಕೊಟ್ಟ ಉತ್ತರ. ನೆನಪಿಲ್ಲ ಎಂದದ್ದು ಸುಳ್ಳು. ಆ ಚೀಟಿ ಬರೆದವನು ಅವನೇ. ಭೂಗೋಳದ ನೋಟುಬುಕ್ಕಿನ ಕೊನೆಯ ಹಾಳೆ ಹರಿದು, ಎಡಗೈಯಲ್ಲಿ ಬರೆದಿದ್ದ. ಅದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ.

ಗುರುವಾರ ಅಂಗಡಿ ತೆರೆಯದೆ, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಸಿಂದಗಿಗೆ ಹೋದ. ಕೈಯಲ್ಲಿ ಮಂಜರಿಯವರಿಂದ ಕೇಳಿ ತಂದ ಕಾದಂಬರಿಯ ಪ್ರತಿ ಇತ್ತು. ಬೇಕರಿ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಪಾನ್ ಅಂಗಡಿಯವನೇ ದಾರಿ ತೋರಿಸಿದ.

ಗಲ್ಲೆಯ ಹಿಂದೆ ನಿಂತಿದ್ದ ಕುತುಬುದ್ದೀನ ದಪ್ಪಗಾಗಿದ್ದ. ಮುಂಗೈಗೆ ಮೈದಾ ಹಿಟ್ಟು ಹತ್ತಿತ್ತು. ಮುರಿದ ಹಲ್ಲನ್ನು ಸರಿ ಮಾಡಿಸಿಕೊಂಡಿದ್ದ. ಪರಶು ರಸ್ತೆ ದಾಟಿ ಬರುವ ರೀತಿ ನೋಡಿಯೇ ಅವನಿಗೆ ಗುರುತು ಸಿಕ್ಕಿತು.

"ಪರ್ಶ್ಯಾ."

"ಹೂಂ."

"ಕುಂದರು. ಚಾ ಹೇಳ್ತೇನಿ."

ಪರಶು ಗುರುತು ಮಾಡಿದ್ದ ಪುಟಗಳನ್ನು ತೆಗೆದು ಕೊಟ್ಟ. ಕುತುಬುದ್ದೀನ ಗಿರಾಕಿಗಳಿಗೆ ಬನ್ನು, ಖಾರಿ ಕೊಡುತ್ತಲೇ ನಿಂತಲ್ಲೇ ಓದಿದ. ನಿಧಾನವಾಗಿ ಓದುವ ಮನುಷ್ಯ. ಚಹಾ ಆರಿಹೋಯಿತು.

"ನಮ್ಮಪ್ಪನ ಅಂಗಡಿ ಬರದಾರ. ಬೋರ್ಡಿನ ಬಣ್ಣ ಸುದ್ದಾ ಬರೋಬ್ಬರಿ ಐತಿ," ಎಂದ. ಆಮೇಲೆ ಪುಸ್ತಕ ಮುಚ್ಚಿ, "ನಾ ಇಳಿ ಅಂದದ್ದು ನಿನಗ ಕೇಳಿಸಿತ್ತೇನು?" ಎಂದು ಕೇಳಿದ.

"ಕೇಳಿಸಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಮೊದಲನೇ ವಾರ ನೋವಿತ್ತು. ಎರಡನೇ ವಾರ ಅಂಜಿಕಿ ಇತ್ತು. ಆಮ್ಯಾಗ ತಡಾ ಆಗಿತ್ತು."

ಕುತುಬುದ್ದೀನ ತಲೆ ಅಲ್ಲಾಡಿಸಿದ. ಅದು ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ.

"ಇನ್ನೊಂದು ಐತಿ," ಎಂದ ಪರಶು. "ಆ ಚೀಟಿ ನಾನ ಬರದದ್ದು. ನಿನಗ ಬರಲಿ ಅಂತ ಬರದಿದ್ದೆ. ಆ ತಿಂಗಳು ನೀ ನನ್ನ ಬಿಟ್ಟು ಬ್ಯಾರೆಯವರ ಜೋಡಿ ಸೈಕಲ್ ಹೊಡಿತಿದ್ದಿ. ನಿನಗ ಎತ್ತರ ಆಗಂಗಿಲ್ಲ ಅಂತ ಗೊತ್ತಿತ್ತು. ಎಲ್ಲಾರ ಮುಂದ ನೀ ಒಲ್ಲೆ ಅನ್ನೂದು ನೋಡಬೇಕಿತ್ತು ನನಗ."

ಒಬ್ಬ ಹೆಂಗಸು ಕಾಲು ಕೆಜಿ ಟೋಸ್ಟ್ ಕೇಳಿದಳು. ಕುತುಬುದ್ದೀನ ತೂಕ ಮಾಡಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟ. ಅವಳು ಹೋದ ಮೇಲೆ ಪರಶುನ ಕಡೆ ನೋಡದೆ ಮಾತಾಡಿದ.

"ಇಪ್ಪತ್ತು ಮೆಟ್ಟಲ ಹತ್ತಿದ್ನಿ ನಾ. ಎಣಸೇನಿ. ನೀ ಬಿದ್ದಕೂಡ್ಲೆ ಎಲ್ಲಾರೂ ನಿನ್ನ ಕಡೆ ಓಡಿದ್ರು. ನನಗ ಇಳಿಯಾಕ ಆಗಲಿಲ್ಲ. ಅರ್ಧಾ ತಾಸು ಆ ಏಣಿ ಹಿಡಕೊಂಡು ಅಲ್ಲೇ ನಿಂತಿದ್ನಿ. ಪ್ಯೂನ್ ಬಂದು ಇಳಿಸಿದ. ಇಳಿಸಿ ಎರಡು ಕಪಾಳಕ್ಕ ಹೊಡದ."

"ನನಗ ಗೊತ್ತಿರಲಿಲ್ಲ."

"ನಿನಗ ಹೆಂಗ ಗೊತ್ತಾಗಬೇಕು? ನಮ್ಮಪ್ಪ ಸಾಯೂತನಾ ಕೇಳತಿದ್ದ, ಖರೇ ಹೇಳು, ನೀ ಹತ್ತಿಸಿದ್ಯೋ ಇಲ್ಲೋ ಅಂತ. ನಾ ಖರೇ ಹೇಳತಿದ್ನಿ. ನಾಕು ದಿನ ಬಿಟ್ಟು ಮತ್ತ ಕೇಳತಿದ್ದ." ಅವನು ಗಲ್ಲೆಯ ಮೇಲಿನ ಟೋಸ್ಟಿನ ಪುಡಿಯನ್ನು ಬಟ್ಟೆಯಿಂದ ಒರೆಸಿದ. "ನನ್ನ ಮುಂದ ಹೇಳಿ ಏನಾಗತೈತಿ? ನಾ ಮಾಡಿಲ್ಲ ಅಂತ ನನಗ ಮೊದಲ ಗೊತ್ತೈತಿ. ಒಳಗ ಅಮ್ಮಾ ಅದಾಳ. ಆಕೀಗೆ ಹೇಳು."

ಬೇಕರಿಯ ಹಿಂದೆಯೇ ಮನೆ. ಕುತುಬುದ್ದೀನನ ತಾಯಿ ಅಬಿದಾ ಚಾಚಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪರಶು ಚಿಕ್ಕವನಿದ್ದಾಗ ಆ ಕೈಯಿಂದ ಎಷ್ಟೋ ಸಲ ರಂಜಾನ್ ಹಬ್ಬದ ಶುರ್‌ಖುರ್ಮಾ ಪಾಯಸ ಕುಡಿದಿದ್ದ. ಅವನು ನಿಂತೇ ಎಲ್ಲ ಹೇಳಿದ. ಚೀಟಿಯ ವಿಷಯವನ್ನೂ ಬಿಡಲಿಲ್ಲ. ಅವರು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವನ ಮಾತು ಮುಗಿದ ಮೇಲೆ ತಲೆ ಎತ್ತಿದರು.

"ನಿಮ್ಮವ್ವ ಅಂಗಡಿ ಮುಂದ ನಿಂತು ಬೈದದ್ದು ಇಡೀ ಬಸ್ ಸ್ಟ್ಯಾಂಡ್ ಕೇಳೇತಿ. ನೀ ಇಲ್ಲೆ ನಾಕು ಗ್ವಾಡಿ ನಡುವ ಹೇಳಾಕತ್ತೀ."

"ಏನ್ ಮಾಡ್ಲಿ ಚಾಚಿ?"

"ನಾ ಏನ್ ಹೇಳ್ಲಿ? ಕೇಳಿದವರು ಅಲ್ಲಿ ಅದಾರ."

ಮುದ್ದೇಬಿಹಾಳಕ್ಕೆ ಬಂದವನೇ ಅವನು ಮೊದಲು ಹೇಳಿದ್ದು ಲಕ್ಕವ್ವನಿಗೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿ ಸೀದದ್ದೂ ಅವಳಿಗೆ ತಿಳಿಯಲಿಲ್ಲ.

"ಆ ಮನಷ್ಯಾ ಒಂದು ಮಾತು ತಿರುಗಿ ಆಡಲಿಲ್ಲೋ," ಎಂದಳು. "ನಾ ಅಷ್ಟು ಬೈದ್ರೂ ಪಂಪು ಹೊಡಕೋತ ತೆಳಗ ಕೂತಿದ್ದ. ನನ್ನ ಬಾಯಿ ಯಾಕ ಹೊಲಸು ಮಾಡಸಿದಿ ನೀ?"

ಎರಡು ದಿನ ಅವಳು ಮಗನ ಜೊತೆ ಮಾತಾಡಲಿಲ್ಲ. ಬುತ್ತಿ ಮಾತ್ರ ಕಟ್ಟಿ ಬಾಗಿಲಲ್ಲಿ ಇಡುತ್ತಿದ್ದಳು.

ಪರಶು ಕೇಳಿಕೊಂಡದ್ದಕ್ಕೆ ಮಂಜರಿ ಬರುವ ತಿಂಗಳ ಪುಸ್ತಕ ಮುಂದೆ ಹಾಕಿ ಇದೇ ಕಾದಂಬರಿಗೆ ಇನ್ನೊಂದು ಐತವಾರ ಕೊಟ್ಟರು. ಜಯತೀರ್ಥ ಮಾಸ್ತರರೂ ಬಂದರು. ಪರಶು ತನ್ನ ಪರಿಚಯದ ಎಂಟು ಹತ್ತು ಜನರನ್ನು ಕರೆದಿದ್ದ. ಹಳೆಯ ಬಸ್ ಸ್ಟ್ಯಾಂಡಿನ ಹೇರ್ ಕಟಿಂಗ್ ಅಂಗಡಿಯವರು, ಹೋಟೆಲಿನವರು, ಆಟದಲ್ಲಿದ್ದ ಉಳಿದಿಬ್ಬರಲ್ಲಿ ಊರಲ್ಲೇ ಉಳಿದ ಒಬ್ಬ. ಅವರಲ್ಲಿ ಯಾರೂ ಕಾದಂಬರಿ ಓದಿರಲಿಲ್ಲ. ಪರಶು ಎದ್ದು ನಿಂತು ಹೇಳಿದ. ಹೋದ ಸಲ ನೆನಪಿಲ್ಲ ಎಂದದ್ದು ಸುಳ್ಳೆಂದು ಪ್ರಜ್ಞಾಳ ಕಡೆ ತಿರುಗಿ ಹೇಳಿದ. ಅವಳು ಅವನ ಮುಖ ನೋಡಲಾರದೆ ಪುಸ್ತಕದ ಹಾಳೆ ತಿರುವುತ್ತ ಕೂತಳು.

ಹೋಟೆಲಿನ ಮುದುಕ, "ಅಬ್ದುಲಗನಿ ಬಾಳ ಚಲೋ ಮನಷ್ಯಾರಿ. ನಾವೆಲ್ಲಾ ಅವನ ಅಂಗಡಿಗೆ ಹೋಗೂದು ಬಿಟ್ವಿ ಆವಾಗ," ಎಂದ.

ಆಮೇಲೆ ಓದುಗರಲ್ಲಿ ವಾದ ಎದ್ದಿತು. ಕಾದಂಬರಿ ಕಾದಂಬರಿಯೇ, ಅದಕ್ಕೆ ಊರಿನ ಲೆಕ್ಕ ಯಾಕೆ ಎಂದು ವಿನೀತ ಕೇಳಿದ. ಬೋರ್ಡಿನ ಬಣ್ಣ, ಮುರಿದ ಹಲ್ಲು ಊರಿನವೇ ಆಗಿರುವಾಗ ತಪ್ಪೂ ಊರಿನದೇ ಆಗುತ್ತದೆ ಎಂದಳು ಪ್ರಜ್ಞಾ. ಮಾಸ್ತರರು ಎರಡನ್ನೂ ಕೇಳಿಸಿಕೊಂಡರು. ಮಾರಾಟವಾಗದ ನಾಲ್ಕು ನೂರು ಪ್ರತಿಗಳು ತಮ್ಮ ಮನೆಯಲ್ಲೇ ಇವೆ, ಒಂದು ಹಾಳೆ ಅಚ್ಚು ಹಾಕಿಸಿ ಎಲ್ಲಕ್ಕೂ ಅಂಟಿಸುತ್ತೇನೆ ಎಂದರು. ಹೆಸರು ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಪರಶು ಅಲ್ಲಿಂದಲೇ ಸಿಂದಗಿಗೆ ಫೋನು ಮಾಡಿದ. ಕುತುಬುದ್ದೀನ, "ಹಾಕ್ರಿ. ವಿಕ್ಕಿಗಿಂತ ನನ್ನ ಹೆಸರ ಚಲೋ ಐತಿ," ಎಂದ.

ಹಾಳೆಯಲ್ಲಿ ಹೀಗಿತ್ತು: 'ಈ ಕಾದಂಬರಿಗೆ ಎಳೆಯಾದ ಘಟನೆಯಲ್ಲಿ ಯಾರೂ ಯಾರನ್ನೂ ಟಾಕಿ ಹತ್ತಿಸಲಿಲ್ಲ. ಏಣಿಯ ಮೇಲಿದ್ದ ಹುಡುಗನ ಹೆಸರು ಕುತುಬುದ್ದೀನ. ಅವನು ಗೆಳೆಯನನ್ನು ಕೆಳಗಿಳಿಸಲು ಹತ್ತಿದ್ದ. ನಾನು ತಪ್ಪಾಗಿ ಕಂಡೆ, ತಪ್ಪಾಗಿ ವರದಿ ಬರೆದೆ, ಹದಿನೆಂಟು ವರ್ಷದ ಮೇಲೆ ಅದನ್ನೇ ಕಾದಂಬರಿ ಮಾಡಿದೆ. ಜಯತೀರ್ಥ ಮುತಾಲಿಕ.' ಮೇ ತಿಂಗಳ ಒಂದು ಮಧ್ಯಾಹ್ನ ಬಾಗೇವಾಡಿಯ ಅವರ ಮನೆಯಲ್ಲಿ ಹುಡುಗರು ಕೂತು ಪ್ರತಿಗಳಿಗೆಲ್ಲ ಹಾಳೆ ಅಂಟಿಸಿದರು. ಪರಶುವೂ ಹೋಗಿದ್ದ.

ಒಂದು ಪ್ರತಿ ಸಿಂದಗಿಗೆ ಹೋಯಿತು. ಅಬಿದಾ ಚಾಚಿಗೆ ಕನ್ನಡ ಓದಲು ಬರುವುದಿಲ್ಲ. ಐದನೆಯ ತರಗತಿಯ ಮೊಮ್ಮಗಳು ಜಾಸ್ಮಿನ ಆ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಚಾಚಿ ಎರಡು ಸಲ ಓದಿಸಿದರು. ಆಮೇಲೆ, "ಇದರಾಗ ಇವನ ಅಪ್ಪನ ಹೆಸರು ಯಾಕಿಲ್ಲ?" ಎಂದು ಕೇಳಿದರು. ಕುತುಬುದ್ದೀನ ಫೋನಿನಲ್ಲಿ ಇದನ್ನು ಹೇಳಿದ. ಪರಶು ಮಾಸ್ತರರಿಗೆ ತಿಳಿಸಿದ. ಅವರು ಉಳಿದ ಪ್ರತಿಗಳನ್ನು ಮತ್ತೆ ತೆರೆದು, 'ಕುತುಬುದ್ದೀನ' ಎಂಬಲ್ಲಿ 'ಅಬ್ದುಲಗನಿಯವರ ಮಗ' ಎಂದು ಪೆನ್ನಿನಿಂದ ಸೇರಿಸಿದರು. ಅಷ್ಟರಲ್ಲಿ ಅರವತ್ತು ಪ್ರತಿಗಳು ಹೊರಗೆ ಹೋಗಿದ್ದವು.

ಈಗ ಮಂಜರಿಯವರ ಓದುಗರ ಬಳಗದಲ್ಲಿ ಬೇರೆ ಪುಸ್ತಕ ನಡೆದಿದೆ. ಪರಶು ತಿಂಗಳು ತಪ್ಪದೆ ಹೋಗುತ್ತಾನೆ. ತಡವಾಗಿ ಓದಲು ಶುರು ಮಾಡುವುದರಿಂದ ಬಹಳ ಸಲ ಚರ್ಚೆಯ ದಿನ ಅವನು ಅರ್ಧದಲ್ಲೇ ಇರುತ್ತಾನೆ, ಮುಂದಿನ ಕತೆ ಹೇಳಬೇಡಿ ಎಂದು ಹುಡುಗರಿಗೆ ತಾಕೀತು ಮಾಡುತ್ತಾನೆ. ಕುತುಬುದ್ದೀನನೂ ಅವನೂ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಮಕ್ಕಳ ಶಾಲೆ, ಮೈದಾ ಹಿಟ್ಟಿನ ದರ, ಕಾಲಿನ ರಾಡು ತೆಗೆಸಬೇಕೋ ಬೇಡವೋ, ಇಂಥವೇ ಮಾತು. ಕುತುಬುದ್ದೀನ ಇನ್ನೂ ಮುದ್ದೇಬಿಹಾಳಕ್ಕೆ ಬಂದಿಲ್ಲ. ಬಂದರೆ ಮನೆಗೆ ಕರೆದುಕೊಂಡು ಬಾ ಎಂದು ಲಕ್ಕವ್ವ ಒಂದು ಸಲ ಹೇಳಿದಳು. ಸಿಂದಗಿಗೆ ಹೋಗೋಣ ನಡೆಯೆಂದು ಮಗ ಕರೆದರೆ ಮಾತ್ರ, ಬಸ್ಸಿನಲ್ಲಿ ತನಗೆ ವಾಂತಿಯಾಗುತ್ತದೆ ಎನ್ನುತ್ತಾಳೆ.